ಒಂದು ಕಣ್ಣು, ನಲವತ್ತೈದು ಪಂದ್ಯ: ಐಸ್ ಹಾಕಿ ಆಟಗಾರ ವಿಲ್ಲಿ ಓರೀ

ಹಾಕಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಸಿರು ಮೈದಾನ, ಬಿಳಿಯ ಚೆಂಡು, ತುದಿ ಬಾಗಿದ ಕೋಲು. ಕೊಡಗಿನ ಕಡೆಯವರಿಗಂತೂ ಇದನ್ನು ವಿವರಿಸಿ ಹೇಳಬೇಕಾದ್ದೇ ಇಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಇನ್ನೊಂದು ಹಾಕಿಯ ವಿಷಯ. ಅದು ಮಂಜುಗಡ್ಡೆಯ ಮೇಲೆ ಆಡುವ ಹಾಕಿ. ಕೆನಡಾ ದೇಶದಲ್ಲಿ ಬರಿಯ 'ಹಾಕಿ' ಎಂದರೆ ಇದೇ ಆಟ. ನಮ್ಮ ಹಾಕಿಗೆ ಅಲ್ಲಿ 'ಫೀಲ್ಡ್ ಹಾಕಿ' ಎಂಬ ಬೇರೆ ಹೆಸರು. ಈ ಆಟವನ್ನೇ ವೃತ್ತಿ ಮಾಡಿಕೊಂಡು ಬಾಳಿದ ಒಬ್ಬ ಮುಂಪಡೆಯ ಆಟಗಾರನ, ಅಂದರೆ ಫಾರ್ವರ್ಡ್ ಆಟಗಾರನ, ಕಥೆಯನ್ನು ಈಗ ನೋಡೋಣ. ಅವರ ಹೆಸರು ವಿಲ್ಲಿ ಓರೀ.

ಮೊದಲು ಅಂಕಿಅಂಶ ಹೇಳಿಬಿಡುತ್ತೇನೆ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ ಈ ಆಟದ ಅತ್ಯುನ್ನತ ಕಣ. ಆ ಲೀಗ್‌ನಲ್ಲಿ ಓರೀ ಆಡಿದ ಪಂದ್ಯಗಳು 45. ಹೊಡೆದ ಗೋಲುಗಳು 4. ಇನ್ನೊಬ್ಬರ ಗೋಲಿಗೆ ನೆರವಾದದ್ದು 10 ಸಲ. ಇದೇ ಲೀಗ್‌ನಲ್ಲಿ ವೇಯ್ನ್ ಗ್ರೆಟ್ಸ್ಕಿ ಎಂಬ ಮಹಾನ್ ಆಟಗಾರ 1,487 ಪಂದ್ಯಗಳಲ್ಲಿ 894 ಗೋಲು ಹೊಡೆದರು. 2025ರ ಏಪ್ರಿಲ್‌ನಲ್ಲಿ ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ ಆ ದಾಖಲೆಯನ್ನೂ ಮೀರಿದರು. ಇವರ ಪಕ್ಕದಲ್ಲಿ ನಾಲ್ಕು ಗೋಲು ಎಷ್ಟರದು? ಆದರೂ ಆ ನಾಲ್ಕು ಗೋಲಿನ ಆಟಗಾರನನ್ನು 2018ರಲ್ಲಿ ಹಾಕಿಯ ಕೀರ್ತಿಭವನಕ್ಕೆ ಸೇರಿಸಿಕೊಂಡರು. ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಈ ಆಟದಲ್ಲಿ ಫಾರ್ವರ್ಡ್ ಆಟಗಾರನ ಕೆಲಸವೇನು ಎಂಬುದನ್ನು ಮೊದಲು ತಿಳಿಯಬೇಕು.

ಒಂದು ಕಾಗದ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಮೂಲೆಗಳು ದುಂಡಾಗಿರುವ ಒಂದು ಉದ್ದನೆಯ ಆಯತ ಬರೆಯಿರಿ. ಇದೇ ಆಟದ ಅಂಕಣ. ಇದರ ಉದ್ದ 200 ಅಡಿ, ಅಗಲ 85 ಅಡಿ. ನಮ್ಮ ಹಾಕಿ ಮೈದಾನದ ಅಗಲದ ಅರ್ಧದಷ್ಟೂ ಇದರ ಅಗಲವಿಲ್ಲ. ಸುತ್ತಲೂ ಮರದ ಹಲಗೆಯಂಥ ಗಟ್ಟಿ ತಡೆಗೋಡೆ. ಪಕ್ಕಗಳಲ್ಲಿ ಆಟ ಹೊರಗೆ ಹೋಗುವುದೆಂಬುದೇ ಇಲ್ಲ. ಗೋಡೆಗೆ ಬಡಿದದ್ದು ಮತ್ತೆ ಒಳಗೇ ಬರುತ್ತದೆ. ಆಟಗಾರರು ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟ್ ಕಟ್ಟಿಕೊಂಡು ಜಾರುತ್ತಾರೆ. ಚೆಂಡಿನ ಬದಲು ಇಲ್ಲಿರುವುದು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅದರ ದಪ್ಪ ಒಂದು ಅಂಗುಲ, ಅಡ್ಡಳತೆ ಮೂರು ಅಂಗುಲ, ತೂಕ ಸುಮಾರು 170 ಗ್ರಾಂ. ಬಲವಾಗಿ ಹೊಡೆದಾಗ ಇದು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹಾರಬಲ್ಲದು. 20 ಮೀಟರ್ ದೂರದಿಂದ ಬರುವ ಅಂಥ ಹೊಡೆತಕ್ಕೆ ಅರ್ಧ ಸೆಕೆಂಡು ಕೂಡ ಬೇಡ. ಲೆಕ್ಕ ಮಾಡಿ ನೋಡಿ, ನಿಮಗೇ ತಿಳಿಯುತ್ತದೆ.

ಒಂದು ತಂಡದಿಂದ ಏಕಕಾಲಕ್ಕೆ ಆರು ಮಂದಿ ಆಡುತ್ತಾರೆ. ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಣೆಯವರು, ಮೂವರು ಫಾರ್ವರ್ಡ್‌ಗಳು. ಈ ಮೂವರಲ್ಲಿ ಒಬ್ಬ ನಡುವೆ, ಒಬ್ಬ ಎಡ ಅಂಚಿನಲ್ಲಿ, ಇನ್ನೊಬ್ಬ ಬಲ ಅಂಚಿನಲ್ಲಿ. ಆಟ ತಲಾ 20 ನಿಮಿಷದ ಮೂರು ಭಾಗಗಳಲ್ಲಿ ನಡೆಯುತ್ತದೆ. ಆದರೆ ಯಾವ ಫಾರ್ವರ್ಡ್ ಆಟಗಾರನೂ ಅಷ್ಟು ಹೊತ್ತು ಎಡೆಬಿಡದೆ ಆಡಲಾರ. ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ನುಗ್ಗುತ್ತಾನೆ. ಆಮೇಲೆ ಬೆಂಚಿಗೆ ಬಂದು ಕೂರುತ್ತಾನೆ. ಆಟ ನಿಲ್ಲದೆಯೇ ಇನ್ನೊಬ್ಬ ಬೇಲಿ ಹಾರಿ ಅವನ ಜಾಗಕ್ಕೆ ಹೋಗುತ್ತಾನೆ. ಆ ಮುಕ್ಕಾಲು ನಿಮಿಷದಲ್ಲಿ ಅವನು ಪಕ್ಕನ್ನು ಕೋಲಿನಲ್ಲಿ ಹಿಡಿದಿರಬೇಕು, ಜೊತೆಯವನು ಎಲ್ಲಿದ್ದಾನೆಂದು ನೋಡಬೇಕು, ಮೈಮೇಲೆ ಬೀಳಲು ಬರುವ ಎದುರಾಳಿಯನ್ನೂ ಗಮನಿಸಬೇಕು. ಈ ಆಟದಲ್ಲಿ ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದು ನಿಯಮಬದ್ಧವೇ. ಹೀಗಾಗಿ ಫಾರ್ವರ್ಡ್ ಆಟಗಾರನಿಗೆ ಕಾಲಿನಷ್ಟೇ ಮುಖ್ಯವಾದದ್ದು ಕಣ್ಣು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನೀವು ಬರೆದ ಆ ಆಯತವನ್ನೂ ಎತ್ತಿಡಿ. ಅದರ ಕೆಲಸ ಮುಂದೆ ಇದೆ.

ವಿಲ್ಲಿ ಓರೀ ಹುಟ್ಟಿದ್ದು 1935ರ ಅಕ್ಟೋಬರ್ 15ರಂದು, ಕೆನಡಾದ ಪೂರ್ವಭಾಗದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಫ್ರೆಡರಿಕ್ಟನ್ ಎಂಬ ಊರಿನಲ್ಲಿ. ಹದಿಮೂರು ಮಕ್ಕಳಲ್ಲಿ ಕಡೆಯವನು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಬಂದವರ ವಂಶ ಅವರದು. ಊರಿನಲ್ಲಿ ಕಪ್ಪು ವರ್ಣೀಯರ ಮನೆಗಳು ಬೆರಳೆಣಿಕೆಯಷ್ಟು. ಚಳಿಗಾಲದಲ್ಲಿ ತಂದೆ ಹಿತ್ತಲಿಗೆ ನೀರು ಹರಿಸಿ ಬಿಡುತ್ತಿದ್ದರು. ರಾತ್ರಿ ಕಳೆಯುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಆಟದ ಅಂಕಣವಾಗುತ್ತಿತ್ತು. ಮೂರು ವರ್ಷಕ್ಕೆ ಸ್ಕೇಟ್ ಕಟ್ಟಿದ ಹುಡುಗ, ಐದು ವರ್ಷಕ್ಕೆ ತಂಡ ಸೇರಿ ಆಡತೊಡಗಿದ. ಬೇಸಿಗೆಯಲ್ಲಿ ಬೇಸ್‌ಬಾಲ್, ಚಳಿಗಾಲದಲ್ಲಿ ಹಾಕಿ. ಎರಡರಲ್ಲೂ ಆತ ಮುಂದು.

1949ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಅವನ ಬೇಸ್‌ಬಾಲ್ ತಂಡಕ್ಕೆ ಗೆಲುವಿನ ಬಹುಮಾನವಾಗಿ ನ್ಯೂಯಾರ್ಕ್ ಪ್ರವಾಸ ದೊರೆಯಿತು. ಅಲ್ಲಿ ಬ್ರೂಕ್ಲಿನ್‌ನಲ್ಲಿ ಜಾಕಿ ರಾಬಿನ್ಸನ್ ಅವರನ್ನು ನೋಡುವ ಅವಕಾಶ. ಈ ಹೆಸರು ನೀವು ಕೇಳಿರಬಹುದು. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಹಲವು ದಶಕಗಳ ಕಾಲ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. 1947ರ ಏಪ್ರಿಲ್ 15ರಂದು ಆ ಗೋಡೆಯನ್ನು ಒಡೆದು ಒಳಗೆ ಹೋದವರು ರಾಬಿನ್ಸನ್. ಅವರ ಮುಂದೆ ನಿಂತ ಹುಡುಗ, ತನಗೆ ಬೇಸ್‌ಬಾಲ್‌ಗಿಂತ ಹಾಕಿಯ ಮೇಲೆ ಪ್ರೀತಿ ಹೆಚ್ಚು ಎಂದ. ಹಾಕಿಯಲ್ಲಿ ಕಪ್ಪು ವರ್ಣೀಯರು ಆಡುತ್ತಾರೆಯೇ ಎಂದು ರಾಬಿನ್ಸನ್‌ಗೇ ಅಚ್ಚರಿಯಾಯಿತು.

ಆ ಅಚ್ಚರಿಗೆ ಕಾರಣವಿತ್ತು. ಕೆನಡಾದ ಕಪ್ಪು ವರ್ಣೀಯರು ಹಾಕಿ ಆಡದೆ ಇರಲಿಲ್ಲ. 1895ರಷ್ಟು ಹಿಂದೆಯೇ ನೋವಾ ಸ್ಕೋಷಿಯಾ ಪ್ರಾಂತದಲ್ಲಿ ಅವರದೇ ಆದ ಒಂದು ಹಾಕಿ ಲೀಗ್ ಹುಟ್ಟಿತ್ತು. 1940ರ ದಶಕದಲ್ಲಿ ಹರ್ಬ್ ಕಾರ್ನೆಗಿ ಎಂಬ ಅಸಾಧಾರಣ ಆಟಗಾರ ಕ್ವಿಬೆಕ್‌ನಲ್ಲಿ ಮಿಂಚುತ್ತಿದ್ದರು. 1948ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಅವರನ್ನು ಪರೀಕ್ಷೆಗೆ ಕರೆಯಿತು. ಆದರೆ ಕೊಡಮಾಡಿದ್ದು ಕೆಳಹಂತದ ತಂಡಗಳ ಕೆಲಸ. ಅವರು ಒಪ್ಪದೆ ಹಿಂದಿರುಗಿದರು. ನ್ಯಾಷನಲ್ ಹಾಕಿ ಲೀಗ್ 1917ರಿಂದ ನಡೆಯುತ್ತಿತ್ತು. ಕಪ್ಪು ವರ್ಣೀಯರನ್ನು ಸೇರಿಸಬಾರದೆಂದು ಅದರ ಯಾವ ನಿಯಮದಲ್ಲೂ ಬರೆದಿರಲಿಲ್ಲ. ಬರೆಯದೆಯೇ ಅದು ನಡೆದುಕೊಂಡು ಬಂದಿತ್ತು. ಬರೆದಿಡದ ಇಂಥ ನಿಯಮಗಳ ಬಲವೆಷ್ಟೆಂದು ನಮ್ಮ ಸಮಾಜವನ್ನು ಬಲ್ಲ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಈಗ 1955–56ರ ಚಳಿಗಾಲಕ್ಕೆ ಬರೋಣ. ಓರೀ ಒಂಟಾರಿಯೋ ಪ್ರಾಂತದ ಕಿಚನರ್ ಎಂಬ ಊರಿನ ಕಿರಿಯರ ತಂಡದಲ್ಲಿ ಆಡುತ್ತಿದ್ದರು. ವಯಸ್ಸು ಇಪ್ಪತ್ತು. ಒಂದು ಪಂದ್ಯದಲ್ಲಿ ಎದುರಾಳಿಯ ಗೋಲಿನ ಮುಂದೆ ನಿಂತಿದ್ದಾಗ, ಬಲವಾಗಿ ಹೊಡೆದ ಪಕ್ ಯಾವುದಕ್ಕೋ ತಗುಲಿ ದಿಕ್ಕು ಬದಲಿಸಿ ಅವರ ಮುಖಕ್ಕೆ ಬಡಿಯಿತು. ಆ ಕಾಲದಲ್ಲಿ ಫಾರ್ವರ್ಡ್ ಆಟಗಾರರು ತಲೆಗೆ ಶಿರಸ್ತ್ರಾಣವನ್ನಾಗಲಿ ಕಣ್ಣಿಗೆ ರಕ್ಷಣೆಯನ್ನಾಗಲಿ ಧರಿಸುತ್ತಿರಲಿಲ್ಲ. ಮೂಗು ಮುರಿಯಿತು, ಕೆನ್ನೆಯ ಮೂಳೆ ಒಡೆಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಬಲಗಣ್ಣಿನ ದೃಷ್ಟಿಯಲ್ಲಿ 95 ಪಾಲು ಹೊರಟುಹೋಯಿತು. ಇನ್ನು ಹಾಕಿ ಆಡುವಂತಿಲ್ಲ ಎಂದು ವೈದ್ಯರು ಹೇಳಿದರು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಒಂದು ಕಣ್ಣು ಕಾಣದವರು ಆಡುವಂತಿಲ್ಲವೆಂದು ನ್ಯಾಷನಲ್ ಹಾಕಿ ಲೀಗ್‌ನ ನಿಯಮಾವಳಿಯಲ್ಲೇ ಇತ್ತು. ಇದು ಬರೆದಿಟ್ಟ ನಿಯಮ. ಅಂದರೆ ಓರೀ ಅವರ ಮುಂದೆ ಈಗ ಎರಡು ಗೋಡೆಗಳು. ಚರ್ಮದ ಬಣ್ಣದ ಗೋಡೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೆ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಕುರುಡಿನ ಗೋಡೆ ಪುಸ್ತಕದಲ್ಲಿತ್ತು, ಆದರೆ ಆ ಕುರುಡು ಯಾರಿಗೂ ಕಾಣುತ್ತಿರಲಿಲ್ಲ. ಅವರು ಒಂದು ನಿರ್ಧಾರ ಮಾಡಿದರು. ತೀರಾ ಹತ್ತಿರದ ಒಬ್ಬಿಬ್ಬರನ್ನು ಬಿಟ್ಟು ಯಾರಿಗೂ ಹೇಳದೆ, ಕೆಲವೇ ವಾರಗಳಲ್ಲಿ ಮತ್ತೆ ಸ್ಕೇಟ್ ಕಟ್ಟಿದರು. ಆಗ ತಂಡಗಳು ಆಟಗಾರರ ಕಣ್ಣನ್ನು ಪರೀಕ್ಷಿಸುವ ಪದ್ಧತಿ ಇರಲಿಲ್ಲ, ಗುಟ್ಟು ಉಳಿಯಿತು.

ಅದೇ 1956ರಲ್ಲಿ ಬೇಸ್‌ಬಾಲ್‌ನವರೂ ಕರೆದರು. ಮಿಲ್ವಾಕಿ ಬ್ರೇವ್ಸ್ ಸಂಸ್ಥೆಯ ತರಬೇತಿ ಶಿಬಿರ ಜಾರ್ಜಿಯಾ ರಾಜ್ಯದ ವೇಕ್ರಾಸ್ ಎಂಬಲ್ಲಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಓರೀ ಹೋದದ್ದು ಅದೇ ಮೊದಲು. ವಿಮಾನ ನಿಲ್ದಾಣದ ಶೌಚಾಲಯದ ಬಾಗಿಲಲ್ಲೇ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಎಂಬ ಫಲಕ ಕಂಡಿತು. ಶಿಬಿರದಲ್ಲಿ ವಸತಿಯೂ ಬೇರೆ. ಕೆಲವೇ ವಾರಗಳಲ್ಲಿ ಅವರನ್ನು ಮನೆಗೆ ಕಳುಹಿಸಿದರು. ಫ್ರೆಡರಿಕ್ಟನ್‌ವರೆಗೆ ಹಲವು ದಿನಗಳ ಬಸ್ ಪ್ರಯಾಣ. ದಕ್ಷಿಣದಲ್ಲಿ ಬಸ್ಸಿನ ಹಿಂಬದಿಯ ಸೀಟೇ ಗತಿ. ಬಸ್ಸು ಉತ್ತರಕ್ಕೆ ಸಾಗಿದ ಹಾಗೆ ಅವರು ಸ್ವಲ್ಪ ಸ್ವಲ್ಪವೇ ಮುಂದಿನ ಸೀಟುಗಳಿಗೆ ಬಂದರು. ಊರು ಸೇರುವಷ್ಟರಲ್ಲಿ ಬೇಸ್‌ಬಾಲ್‌ನ ಆಸೆ ಬಿಟ್ಟಿದ್ದರು. ಇನ್ನು ಹಾಕಿಯೇ ಎಂಬುದು ಗಟ್ಟಿಯಾಯಿತು.

1956–57ರಲ್ಲಿ ಅವರು ಕ್ವಿಬೆಕ್ ಏಸಸ್ ಎಂಬ ವೃತ್ತಿಪರ ತಂಡ ಸೇರಿದರು. ಅಲ್ಲಿನ ತರಬೇತುದಾರ ಪಂಚ್ ಇಮ್ಲಾಕ್ ಮುಂದೆ ಟೊರಾಂಟೊ ತಂಡದಿಂದ ಪ್ರಸಿದ್ಧರಾದವರು. ಓರೀ ಅವರ ದೊಡ್ಡ ಬಲ ವೇಗ. ಅಂಚಿನಲ್ಲಿ ನುಗ್ಗಿದರೆ ಹಿಡಿಯುವುದು ಕಷ್ಟ. ಆಗ ನ್ಯಾಷನಲ್ ಹಾಕಿ ಲೀಗ್‌ನಲ್ಲಿದ್ದದ್ದು ಆರೇ ತಂಡ: ಮಾಂಟ್ರಿಯಲ್, ಟೊರಾಂಟೊ, ಬಾಸ್ಟನ್, ನ್ಯೂಯಾರ್ಕ್, ಶಿಕಾಗೊ, ಡೆಟ್ರಾಯಿಟ್. ಆರು ತಂಡಗಳೆಂದರೆ ಇಡೀ ಖಂಡಕ್ಕೆ ನೂರು ಚಿಲ್ಲರೆ ಸ್ಥಾನಗಳು. ಬಿಳಿಯರಿಗೇ ಅಲ್ಲಿ ಜಾಗ ಸಿಗುವುದು ದುರ್ಲಭವಾಗಿತ್ತು.

1958ರ ಜನವರಿ ತಿಂಗಳಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೆ ಆಟಗಾರರ ಕೊರತೆ ಬಿತ್ತು. ಕರೆ ಬಂದದ್ದು ಓರೀ ಅವರಿಗೆ. ಜನವರಿ 18ರ ಶನಿವಾರ ರಾತ್ರಿ ಮಾಂಟ್ರಿಯಲ್ ಫೋರಮ್ ಕ್ರೀಡಾಂಗಣದಲ್ಲಿ ಅವರು ಅಂಕಣಕ್ಕೆ ಇಳಿದರು. ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಕಪ್ಪು ವರ್ಣೀಯನೊಬ್ಬ ಆಡಿದ್ದು ಅದೇ ಮೊದಲು. ಎದುರಾಳಿ ಮಾಂಟ್ರಿಯಲ್ ಕೆನೇಡಿಯನ್ಸ್ ಸಾಮಾನ್ಯ ತಂಡವಲ್ಲ. 1956ರಿಂದ 1960ರವರೆಗೆ ಸತತ ಐದು ವರ್ಷ ಸ್ಟ್ಯಾನ್ಲಿ ಕಪ್ ಗೆದ್ದ ತಂಡ. ಅವರ ಮನೆಯಂಗಳದಲ್ಲೇ ಬಾಸ್ಟನ್ 3–0ರಿಂದ ಗೆದ್ದಿತು. ಕ್ವಿಬೆಕ್ ತಂಡದ ಜೊತೆ ಓರೀ ಆ ಅಂಕಣದಲ್ಲಿ ಹಿಂದೆಯೂ ಆಡಿದ್ದರಿಂದ ಜನರಿಗೆ ಅವರ ಪರಿಚಯವಿತ್ತು. ಪತ್ರಿಕೆಗಳು ಈ ಸಂಗತಿಯನ್ನು ಅಷ್ಟಾಗಿ ಎತ್ತಿ ಆಡಲಿಲ್ಲ. ಚರಿತ್ರೆ ಅನೇಕ ಸಲ ಹೀಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಎರಡು ಪಂದ್ಯ ಆಡಿ ಅವರು ಮತ್ತೆ ಕೆಳಹಂತದ ತಂಡಕ್ಕೆ ಮರಳಿದರು.

ಬಾಸ್ಟನ್ ಅವರನ್ನು ಮತ್ತೆ ಕರೆಯಲು ಸುಮಾರು ಮೂರು ವರ್ಷ ಹಿಡಿಯಿತು. 1960–61ರ ಋತುವಿನಲ್ಲಿ 43 ಪಂದ್ಯ ಆಡಿದರು. 1961ರ ಜನವರಿ 1ರಂದು, ಹೊಸ ವರ್ಷದ ದಿನ, ಬಾಸ್ಟನ್ ಗಾರ್ಡನ್‌ನಲ್ಲಿ ಅದೇ ಮಾಂಟ್ರಿಯಲ್ ವಿರುದ್ಧ ಮೊದಲ ಗೋಲು ಹೊಡೆದರು. ಬಾಸ್ಟನ್ 3–2ರಿಂದ ಗೆದ್ದ ಪಂದ್ಯ ಅದು. ಗೆಲುವು ತಂದುಕೊಟ್ಟ ಗೋಲು ಇವರದೇ. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲ ಊರುಗಳಲ್ಲೂ ಹೀಗಿರಲಿಲ್ಲ. ಕೆನಡಾದ ನಗರಗಳಿಗಿಂತ ಅಮೆರಿಕದ ಕೆಲವು ನಗರಗಳಲ್ಲಿ ಬೈಗುಳ ಹೆಚ್ಚು. ಶಿಕಾಗೊದಲ್ಲಿ ಒಮ್ಮೆ ಎದುರಾಳಿ ಆಟಗಾರನೊಬ್ಬ ಕೋಲಿನ ತುದಿಯಿಂದ ಮುಖಕ್ಕೆ ತಿವಿದು ಅವರ ಮುಂದಿನ ಹಲ್ಲುಗಳನ್ನು ಉದುರಿಸಿದ, ಮೂಗೂ ಮುರಿಯಿತು. ಓರೀ ತಾವೂ ಕೋಲೆತ್ತಿ ಹೊಡೆದರು. ದೊಡ್ಡ ಜಗಳವೇ ಆಯಿತು. ಅವರೇನೂ ಎಲ್ಲವನ್ನೂ ನಗುತ್ತ ಸಹಿಸಿದ ಸಂತರಲ್ಲ. ಆದರೆ ಒಂದು ಲೆಕ್ಕ ಅವರಿಗೆ ತಿಳಿದಿತ್ತು. ಪ್ರತಿ ಬೈಗುಳಕ್ಕೂ ಕೈ ಎತ್ತಿದರೆ ದಂಡನೆಯ ಪೆಟ್ಟಿಗೆಯಲ್ಲೇ ಕೂತಿರಬೇಕಾಗುತ್ತದೆ, ತಂಡದಲ್ಲಿ ಜಾಗವೂ ಉಳಿಯುವುದಿಲ್ಲ.

ಈಗ ನೀವು ಎತ್ತಿಟ್ಟ ಆ ಆಯತವನ್ನು ಮುಂದಿಟ್ಟುಕೊಳ್ಳಿ. ಓರೀ ಆಡುತ್ತಿದ್ದದ್ದು ಎಡ ಅಂಚಿನಲ್ಲಿ. ಎಡ ಅಂಚಿನ ಗೋಡೆಯ ಪಕ್ಕ ಒಂದು ಚುಕ್ಕೆ ಇಡಿ. ಎದುರಾಳಿಯ ಗೋಲಿನತ್ತ ಒಂದು ಬಾಣ ಎಳೆಯಿರಿ. ಆ ಚುಕ್ಕೆಯೇ ಓರೀ. ಅವರ ಎಡಕ್ಕೆ ಏನಿದೆ? ಗೋಡೆ. ಬಲಕ್ಕೆ ಏನಿದೆ? ಇಡೀ ಅಂಕಣ, ಜೊತೆಯ ಇಬ್ಬರು ಫಾರ್ವರ್ಡ್‌ಗಳು, ಬರುವ ಪಕ್, ಡಿಕ್ಕಿ ಹೊಡೆಯಲು ಬರುವ ಎದುರಾಳಿ. ಅವರಿಗೆ ಕಾಣದ ಕಣ್ಣು ಯಾವುದು? ಬಲಗಣ್ಣು! ಅಂದರೆ ಕಾಣುವ ಕಣ್ಣು ಗೋಡೆಯ ಕಡೆಗೆ, ಕಾಣದ ಕಣ್ಣು ಆಟದ ಕಡೆಗೆ. ಪಕ್ ಎಲ್ಲಿದೆಯೆಂದು ತಿಳಿಯಬೇಕಾದರೆ, ಓಟದ ನಡುವೆಯೇ ಕತ್ತನ್ನು ಬಲಕ್ಕೆ ಪೂರಾ ಹೊರಳಿಸಿ ಎಡಗಣ್ಣಿನಿಂದ ನೋಡಬೇಕು. ಹಾಗೆ ಕತ್ತು ಹೊರಳಿಸಿದ ಕ್ಷಣದಲ್ಲಿ ಎದುರಿನಿಂದ ಬರುವವನು ಕಾಣುವುದಿಲ್ಲ.

ಇನ್ನೂ ಒಂದು ತೊಡಕಿದೆ. ನಮ್ಮ ಎರಡು ಕಣ್ಣುಗಳೂ ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ನೋಡುತ್ತವೆ. ಆ ಎರಡು ಚಿತ್ರಗಳ ಅಂತರವನ್ನು ಹೋಲಿಸಿ ವಸ್ತು ಎಷ್ಟು ದೂರದಲ್ಲಿದೆ ಎಂದು ಮೆದುಳು ಅಂದಾಜು ಮಾಡುತ್ತದೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ, ಕಷ್ಟ ತಿಳಿಯುತ್ತದೆ. ಒಂದೇ ಕಣ್ಣಿನವರು ಗಾತ್ರ, ನೆರಳು, ಚಲನೆ ಇವುಗಳಿಂದ ದೂರವನ್ನು ಲೆಕ್ಕ ಹಾಕಲು ಕಲಿಯುತ್ತಾರೆ, ನಿಜ. ಆದರೆ ಗಂಟೆಗೆ ನೂರು ಕಿಲೋಮೀಟರ್ ಮೀರಿ ಬರುವ ಪಕ್ ಅಷ್ಟು ಸಮಯ ಕೊಡುವುದಿಲ್ಲ. ಈ ಹಿನ್ನೆಲೆಯಲ್ಲಿ ಆ 4 ಗೋಲು, ಆ 10 ನೆರವುಗಳನ್ನು ಮತ್ತೊಮ್ಮೆ ನೋಡಿ. ಅಂಕಿ ಬದಲಾಗಿಲ್ಲ, ಆದರೆ ಅದರ ಅರ್ಥ ಬೇರೆಯಾಗಿದೆ.

1961ರ ಬೇಸಿಗೆಯಲ್ಲಿ ಬಾಸ್ಟನ್ ಅವರನ್ನು ಮಾಂಟ್ರಿಯಲ್ ತಂಡಕ್ಕೆ ಕೊಟ್ಟುಬಿಟ್ಟಿತು. ಅತ್ಯುತ್ತಮ ಆಟಗಾರರು ತುಂಬಿ ತುಳುಕುತ್ತಿದ್ದ ಆ ಸಂಸ್ಥೆಯಲ್ಲಿ ಜಾಗ ಸಿಗಲಿಲ್ಲ. ಅದೇ ವರ್ಷ ಅವರನ್ನು ಪಶ್ಚಿಮ ಕರಾವಳಿಯ ವೆಸ್ಟರ್ನ್ ಹಾಕಿ ಲೀಗ್‌ನ ಲಾಸ್ ಏಂಜಲೀಸ್ ಬ್ಲೇಡ್ಸ್ ತಂಡಕ್ಕೆ ಕಳುಹಿಸಿದರು. ಮಂಜಿನ ನಾಡಿನ ಹುಡುಗ ತೆಂಗಿನ ಜಾತಿಯ ಮರಗಳ ನಾಡಿಗೆ ಬಂದ. 1962ರಲ್ಲಿ ಅಲ್ಲಿನ ಒಂದು ಸಮಾರಂಭದಲ್ಲಿ ಜಾಕಿ ರಾಬಿನ್ಸನ್ ಮತ್ತೆ ಎದುರಾದರು. ಹದಿಮೂರು ವರ್ಷಗಳ ಹಿಂದೆ ಬ್ರೂಕ್ಲಿನ್‌ನಲ್ಲಿ ಹಾಕಿಯ ಮಾತನಾಡಿದ ಹುಡುಗ ಇವನೇ ಎಂದು ಅವರೇ ಗುರುತಿಸಿದರು.

ಲಾಸ್ ಏಂಜಲೀಸ್‌ನಲ್ಲಿ ಆಡುತ್ತಿದ್ದಾಗ ನಡೆದ ಒಂದು ಬದಲಾವಣೆ ಓರೀ ಅವರ ವೃತ್ತಿಯ ದಿಕ್ಕನ್ನೇ ತಿರುಗಿಸಿತು. ತರಬೇತುದಾರ ಅವರನ್ನು ಎಡ ಅಂಚಿನಿಂದ ಬಲ ಅಂಚಿಗೆ ಹಾಕಿದರು. ಕಣ್ಣಿನ ವಿಷಯ ಆ ತರಬೇತುದಾರನಿಗೆ ಗೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬಲ ಅಂಚಿಗೆ ಒಬ್ಬ ಆಟಗಾರ, ಅಷ್ಟೇ. ನಿಮ್ಮ ಚುಕ್ಕೆಯನ್ನು ಬಲಗೋಡೆಯ ಪಕ್ಕಕ್ಕೆ ಸರಿಸಿ. ಈಗ ಬಲಕ್ಕೆ ಗೋಡೆ; ಎಡಕ್ಕೆ ಇಡೀ ಆಟ. ಕಾಣುವ ಎಡಗಣ್ಣು ಆಟದ ಕಡೆಗೇ ಇದೆ. ಓರೀ ಎಡಗೈ ಹೊಡೆತದವರಾದ್ದರಿಂದ, ಬಲ ಅಂಚಿನಲ್ಲಿ ಪಕ್ಕನ್ನು ಕೋಲಿನ ಹಿಂಬದಿಯಿಂದ ಹಿಡಿಯಬೇಕಾಗುತ್ತಿತ್ತು. ಅದನ್ನು ಹೊಸದಾಗಿ ಕಲಿತರು. ಕೈಯ ಕಷ್ಟ ಕಲಿತರೆ ಹೋಗುತ್ತದೆ, ಕಣ್ಣಿನ ಕಷ್ಟ ಹಾಗೆ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಫಲ ಹೇಗಿತ್ತು? 1964–65ರ ಋತುವಿನಲ್ಲಿ 38 ಗೋಲು ಹೊಡೆದು ವೆಸ್ಟರ್ನ್ ಲೀಗ್‌ನಲ್ಲಿ ಮೊದಲಿಗರಾದರು. ಮುಂದೆ ಸ್ಯಾನ್ ಡಿಯಾಗೊ ಗಲ್ಸ್ ತಂಡ ಸೇರಿ, 1968–69ರಲ್ಲಿ ಮತ್ತೆ 38 ಗೋಲು, ಮತ್ತೆ ಮೊದಲ ಸ್ಥಾನ. ಬಾಸ್ಟನ್‌ನಲ್ಲಿ 43 ಪಂದ್ಯಗಳಿಗೆ 4 ಗೋಲು ಹೊಡೆದವರು ಇವರೇ. ವೆಸ್ಟರ್ನ್ ಲೀಗ್ ಒಂದು ಹಂತ ಕೆಳಗಿನದು, ಅದನ್ನು ಮರೆಯಬಾರದು. ಆದರೆ ಆರೇ ತಂಡಗಳಿದ್ದ ಕಾಲದಲ್ಲಿ ಮೇಲಿನ ಹಂತಕ್ಕೆ ಯೋಗ್ಯರಾದ ಅನೇಕರು ಈ ಹಂತದಲ್ಲೇ ಉಳಿದಿದ್ದರು ಎಂಬುದೂ ನಿಜ. 1967ರಲ್ಲಿ ನ್ಯಾಷನಲ್ ಹಾಕಿ ಲೀಗ್ ಆರರಿಂದ ಹನ್ನೆರಡು ತಂಡಗಳಿಗೆ ಬೆಳೆಯಿತು. ಓರೀ ಅವರಿಗೆ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಆ ಲೀಗ್‌ನ ಎರಡನೆಯ ಕಪ್ಪು ವರ್ಣೀಯ ಆಟಗಾರ ಮೈಕ್ ಮಾರ್ಸನ್ ವಾಷಿಂಗ್ಟನ್ ತಂಡಕ್ಕೆ ಬಂದದ್ದು 1974ರಲ್ಲಿ. ಓರೀ ಬಿಟ್ಟುಬಂದ ಜಾಗ ಹದಿಮೂರು ವರ್ಷ ಖಾಲಿ ಇತ್ತು. ಒಬ್ಬ ಒಳಗೆ ಹೋದ ಮಾತ್ರಕ್ಕೆ ಬಾಗಿಲು ತೆರೆದೇ ಇರುತ್ತದೆ ಎಂದು ನಾವು ಭಾವಿಸಬಾರದು.

ಓರೀ ಆಟ ನಿಲ್ಲಿಸಿದ್ದು 1979ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ. ಅಂದರೆ ಒಂದು ಕಣ್ಣಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ವೃತ್ತಿಪರ ಆಟ. ಕೆಳಹಂತದ ಆಟಗಾರನಿಗೆ ಕೂಡಿಟ್ಟ ಹಣ ಬಹಳವೇನೂ ಇರುವುದಿಲ್ಲ. ಆಮೇಲೆ ಅವರು ಸ್ಯಾನ್ ಡಿಯಾಗೊ ಬಳಿಯ ಹೋಟೆಲೊಂದರಲ್ಲಿ ಭದ್ರತಾ ವಿಭಾಗದ ಕೆಲಸ ಮಾಡಿಕೊಂಡಿದ್ದರು. 1998ರಲ್ಲಿ ನ್ಯಾಷನಲ್ ಹಾಕಿ ಲೀಗ್ ಅವರಿಗೆ ಒಂದು ಹೊಣೆ ಕೊಟ್ಟಿತು: ಹಾಕಿ ತಮ್ಮ ಆಟವಲ್ಲ ಎಂದು ದೂರ ಉಳಿದ ಮಕ್ಕಳನ್ನು ಆಟಕ್ಕೆ ಕರೆತರುವುದು. ಅರವತ್ತು ದಾಟಿದ ಮೇಲೆ ಅವರು ಊರೂರು ಸುತ್ತಿದರು, ಶಾಲೆಗಳಿಗೆ ಹೋದರು, ಮಕ್ಕಳ ಜೊತೆ ಅಂಕಣಕ್ಕೆ ಇಳಿದರು. 2018ರಲ್ಲಿ ಕೀರ್ತಿಭವನ ಅವರನ್ನು ಸೇರಿಸಿಕೊಂಡದ್ದು ಆಟಗಾರರ ಸಾಲಿಗಲ್ಲ, ಆಟವನ್ನು ಕಟ್ಟಿ ಬೆಳೆಸಿದವರ ಸಾಲಿಗೆ. ಹರ್ಬ್ ಕಾರ್ನೆಗಿ ಅವರಿಗೂ ಅದೇ ಸಾಲಿನಲ್ಲಿ 2022ರಲ್ಲಿ ಸ್ಥಾನ ಸಿಕ್ಕಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

2022ರ ಜನವರಿ 18ರಂದು, ಮೊದಲ ಪಂದ್ಯಕ್ಕೆ ಸರಿಯಾಗಿ 64 ವರ್ಷ ತುಂಬಿದ ದಿನ, ಬಾಸ್ಟನ್ ತಂಡ ಓರೀ ಧರಿಸುತ್ತಿದ್ದ 22ನೆಯ ಸಂಖ್ಯೆಯನ್ನು ಇನ್ನು ಯಾರೂ ಧರಿಸದಂತೆ ಗೌರವದಿಂದ ಮೇಲೇರಿಸಿತು. ಸಾಂಕ್ರಾಮಿಕದ ಕಾಲವಾದ್ದರಿಂದ ಓರೀ ಮನೆಯಿಂದಲೇ ಪರದೆಯ ಮೂಲಕ ಪಾಲ್ಗೊಂಡರು. ಅದೇ ತಿಂಗಳು ಅಮೆರಿಕದ ಕಾಂಗ್ರೆಸ್ಸಿನ ಚಿನ್ನದ ಪದಕವನ್ನು ಅವರಿಗೆ ನೀಡುವ ಕಾನೂನಿಗೆ ಅಂಕಿತ ಬಿತ್ತು. ಅವರ ನಂತರ ಎಷ್ಟೋ ಮಂದಿ ಬಂದರು. ಪಂಜಾಬಿ ಕುಟುಂಬದಲ್ಲಿ ಹುಟ್ಟಿದ ಕೆನಡಾದ ರಾಬಿನ್ ಬಾವಾ 1989ರಲ್ಲಿ ಈ ಲೀಗ್‌ನಲ್ಲಿ ಆಡಿ, ಭಾರತೀಯ ಮೂಲದ ಮೊದಲ ಆಟಗಾರರೆನಿಸಿದರು. ಅವರೂ ಫಾರ್ವರ್ಡ್ ಆಟಗಾರರೇ. ನೈಜೀರಿಯಾ ಮೂಲದ ತಂದೆಯ ಮಗ ಜರೋಮ್ ಇಗಿನ್ಲಾ 2001–02ರಲ್ಲಿ 52 ಗೋಲು ಹೊಡೆದು ಇಡೀ ಲೀಗ್‌ಗೆ ಮೊದಲಿಗರಾದರು. ಅದೇ 2002ರಲ್ಲಿ ಕೆನಡಾಕ್ಕೆ ಒಲಿಂಪಿಕ್ ಚಿನ್ನ ತಂದ ತಂಡದಲ್ಲೂ ಅವರಿದ್ದರು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದನ್ನು ನಾವು ಜಾರಿಸಿ ಹೋಗಬಾರದು. ಕಣ್ಣಿನ ವಿಷಯವನ್ನು ಓರೀ ಮುಚ್ಚಿಟ್ಟದ್ದು ಸರಿಯೇ? ಒಂದು ಕಣ್ಣು ಕಳೆದುಕೊಂಡವನಿಗೆ ಇನ್ನೊಂದಕ್ಕೂ ಪೆಟ್ಟಾದರೆ ಬದುಕೇ ಕತ್ತಲು. ಆ ನಿಯಮ ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಅದು ಆಟಗಾರನ ರಕ್ಷಣೆಗೇ ಇತ್ತು. ಬಣ್ಣದ ಗೋಡೆಯನ್ನೂ ಕಣ್ಣಿನ ನಿಯಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬಣ್ಣದ ಗೋಡೆ ಯಾರನ್ನೂ ಕಾಪಾಡುತ್ತಿರಲಿಲ್ಲ, ಅವಮಾನ ಮಾತ್ರ ಮಾಡುತ್ತಿತ್ತು. ಇನ್ನೊಂದು ಕಡೆ, ಇಪ್ಪತ್ತು ವರ್ಷದ ಆ ಯುವಕ ನಿಜ ಹೇಳಿದ್ದರೆ ಆ ದಿನವೇ ಅವನ ಆಟ ಮುಗಿಯುತ್ತಿತ್ತು. ನಿಜ ಹೇಳಿದವನಿಗೆ ದಾರಿ ತೋರಿಸುವ ವ್ಯವಸ್ಥೆ ಆಗ ಇರಲಿಲ್ಲ. ಮುಂದಿನ ಕಾಲದ ಒಂದು ಉದಾಹರಣೆ ನೋಡಿ. 2000ನೆಯ ಇಸವಿಯಲ್ಲಿ ಬ್ರಯನ್ ಬೆರಾರ್ಡ್ ಎಂಬ ರಕ್ಷಣಾ ಆಟಗಾರನ ಕಣ್ಣಿಗೆ ಕೋಲು ತಗುಲಿ ದೃಷ್ಟಿ ಬಹಳ ಮಟ್ಟಿಗೆ ಹೋಯಿತು. ಹಲವು ಶಸ್ತ್ರಚಿಕಿತ್ಸೆಗಳ ನಂತರ ವಿಶೇಷ ಲೆನ್ಸ್ ಧರಿಸಿ, ಲೀಗ್ ಗೊತ್ತುಪಡಿಸಿದ ಕನಿಷ್ಠ ದೃಷ್ಟಿ ತನಗಿದೆ ಎಂದು ಪರೀಕ್ಷೆಯಲ್ಲೇ ತೋರಿಸಿ, 2001ರಲ್ಲಿ ಬಹಿರಂಗವಾಗಿಯೇ ಆಟಕ್ಕೆ ಮರಳಿದರು. ಹೊಸ ಆಟಗಾರರಿಗೆ 1979ರಿಂದ ಶಿರಸ್ತ್ರಾಣ, 2013ರಿಂದ ಕಣ್ಣಿನ ಮುಂದೆ ಪಾರದರ್ಶಕ ಕವಚ ಕಡ್ಡಾಯವಾಯಿತು. ಇವೆಲ್ಲ ಓರೀ ಅವರ ಕಾಲದಲ್ಲಿ ಇರಲಿಲ್ಲ.

ಆದ್ದರಿಂದ, ಪೆಟ್ಟನ್ನು ಮುಚ್ಚಿಟ್ಟು ಆಡುವುದೇ ಧೈರ್ಯ ಎಂಬ ಪಾಠವನ್ನು ದಯವಿಟ್ಟು ಈ ಕಥೆಯಿಂದ ತೆಗೆದುಕೊಳ್ಳಬೇಡಿ. ಆಟದಲ್ಲಿ ತಲೆಗೋ ಕಣ್ಣಿಗೋ ಮಂಡಿಗೋ ಪೆಟ್ಟಾದರೆ ಮೊದಲು ಹೇಳಬೇಕಾದದ್ದು ಮನೆಯವರಿಗೆ, ಶಿಕ್ಷಕರಿಗೆ, ವೈದ್ಯರಿಗೆ. ಓರೀ ಅವರಿಂದ ಕಲಿಯಬೇಕಾದದ್ದು ಬೇರೆ ಇದೆ. ಅವರು ಇಲ್ಲದ ಕಣ್ಣಿಗಾಗಿ ಕೊರಗುತ್ತ ಕೂರಲಿಲ್ಲ. ಇರುವ ಕಣ್ಣಿಗೆ ಆಟ ಎಲ್ಲಿಂದ ಚೆನ್ನಾಗಿ ಕಾಣುತ್ತದೆಯೋ ಆ ಜಾಗ ಸಿಕ್ಕಾಗ, ಅಲ್ಲಿಗೆ ಬೇಕಾದ ಹೊಸ ಕೈಚಳಕವನ್ನು ಮುವ್ವತ್ತರ ಹೊಸ್ತಿಲಲ್ಲೂ ಶ್ರದ್ಧೆಯಿಂದ ಕಲಿತರು. ಒಬ್ಬನ ಶಕ್ತಿ ಕಡಿಮೆ ಎಂದು ನಾವು ಅನೇಕ ಸಲ ತೀರ್ಮಾನಿಸಿಬಿಡುತ್ತೇವೆ. ಅವನನ್ನು ನಿಲ್ಲಿಸಿದ ಜಾಗವೇ ತಪ್ಪಾಗಿರಬಹುದೇ ಎಂದು ಯೋಚಿಸುವುದಿಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಕರಿಹಲಗೆ ಸರಿಯಾಗಿ ಕಾಣದೆ, ದಡ್ಡನೆನಿಸಿಕೊಂಡ ಹುಡುಗರು ಎಷ್ಟಿಲ್ಲ?

ನಿಮ್ಮ ಊರಿನ ಆಟದ ಬಯಲಿಗೆ ಸಂಜೆ ಹೋದಾಗ ಅಂಚಿನಲ್ಲಿ ನಿಂತು ನೋಡುತ್ತಿರುವವರು ಯಾರು ಎಂದು ಒಮ್ಮೆ ಗಮನಿಸಿ. ಹುಡುಗಿಯರಿರಬಹುದು, ಬೂಟಿಲ್ಲದವರಿರಬಹುದು, ಬೇರೆ ಕೇರಿಯವರಿರಬಹುದು, ಕಾಲು ಸರಿಯಿಲ್ಲದವರಿರಬಹುದು. ಅವರು ಬರಬಾರದೆಂದು ಯಾರೂ ಬರೆದು ಹಾಕಿರುವುದಿಲ್ಲ. ಆದರೆ ಬನ್ನಿ ಎಂದು ಯಾರೂ ಕರೆದಿರುವುದೂ ಇಲ್ಲ. ತಂಡ ಆರಿಸುವಾಗ ಅವರಲ್ಲಿ ಒಬ್ಬರನ್ನು ಹೆಸರು ಹಿಡಿದು ಕರೆಯಿರಿ. ಎಲ್ಲಿ ನಿಂತರೆ ಅವರಿಗೆ ಆಟ ಚೆನ್ನಾಗಿ ಕಾಣುತ್ತದೆ ಎಂದು ಅವರನ್ನೇ ಕೇಳಿ.